ನೀರಿನಿಂದ ಹೊರಗಿರುವಷ್ಟು ಹೊತ್ತು

ಕಾಯಿಸಿದರೆ ಕಂಚೂ ಕಬ್ಬಿಣದ ಹಾಗೆ ಕೆಂಡದ ಬಣ್ಣಕ್ಕೆ ತಿರುಗುತ್ತದೆ ಎಂದು ಲಿನೆಟ್ ಅಂದುಕೊಂಡಿದ್ದಳು. ಹಾಗಾಗಲಿಲ್ಲ. ರಿಪೇರಿ ಶೆಡ್ಡಿನ ಕಾಲ್ವಿನ್ ಗ್ಯಾಸಿನ ಉರಿ ಹಿಡಿದ ಕಡೆ ಪ್ರೊಪೆಲ್ಲರಿನ ರೆಕ್ಕೆ ಕೊಂಚ ಮಂಕಾಯಿತು, ಅಷ್ಟೆ. ಆಮೇಲೆ ಅವನು ಅದನ್ನು ಓರೆಯಾದ ಕಬ್ಬಿಣದ ಅಚ್ಚಿನ ಮೇಲೆ ಮಲಗಿಸಿ ಸುತ್ತಿಗೆ ಎತ್ತಿದ. ಒಂದೊಂದು ಏಟೂ ಅವಳ ದವಡೆಯ ಹಲ್ಲಿನಲ್ಲಿ ಕೇಳಿಸಿತು. ಶೆಡ್ಡಿನ ತಗಡಿನ ಬಾಗಿಲ ಬಳಿ ನೆವಿಲ್ ಕೈ ಕಟ್ಟಿಕೊಂಡು ನಿಂತಿದ್ದ, ಆಸ್ಪತ್ರೆಯಲ್ಲಿ ಬೇರೆಯವರ ಮಂಚದ ಪಕ್ಕ ನಿಂತವನ ಹಾಗೆ, ನೋಡಬೇಕೋ ಬೇಡವೋ ತಿಳಿಯದೆ. ಅವನ ದೋಣಿಯ ಪ್ರೊಪೆಲ್ಲರ್ ಅದು, ಇಬ್ಬರೂ ಮನೆ ಮಾಡಿಕೊಂಡಿರುವ ಕಾಲುವೆಯ ದೋಣಿ. ಅವರಿಬ್ಬರ ದೋಣಿ ಎಂದು ಅವನು ಎಲ್ಲರ ಮುಂದೆ ಹೇಳುತ್ತಾನೆ. ಹೇಳುವಾಗ ಅವಳ ಹೆಗಲ ಮೇಲೆ ಕೈ ಇಡುತ್ತಾನೆ. ಆ ಕೈಯ ಭಾರದಲ್ಲೇ ಅವಳಿಗೆ ಪ್ರತಿ ಸಲವೂ ಗೊತ್ತಾಗುತ್ತದೆ, ಅದು ನಿಜವಲ್ಲವೆಂದು. ದೋಣಿಯ ಎರಡೂ ಮಗ್ಗುಲಲ್ಲಿ, ಕಿಟಕಿಗಳ ನಡುವೆ, ಕೆಂಪು ಅಕ್ಷರಕ್ಕೆ ಕೆನೆ ಬಣ್ಣದ ನೆರಳು ಕೊಟ್ಟು ಬರೆಸಿದ ಹೆಸರು ಬೇರೆ. ವಿನಿಫ್ರೆಡ್. ನೆವಿಲ್‌ನ ಹೆಂಡತಿ, ತೀರಿಕೊಂಡವಳು.

"ಇದು ಹಿಂದಕ್ಕೆ ಹೋಗ್ತಾ ಬಿದ್ದ ಏಟು," ಎಂದ ಕಾಲ್ವಿನ್, ಸುತ್ತಿಗೆ ನಿಲ್ಲಿಸಿ, ರೆಕ್ಕೆಯ ಅಂಚನ್ನು ಹೆಬ್ಬೆರಳಲ್ಲಿ ಸವರುತ್ತ. "ಮುಂದಕ್ಕೆ ಹೋಗ್ತಿದ್ರೆ ಈ ಅಂಚು ಹೋಗ್ತಿತ್ತು. ಆ ಅಂಚು ಹೋಗಿದೆ ನೋಡಿ. ಅದೂ ಒಳ್ಳೇ ಜೋರಲ್ಲೇ ಹೋಗಿದೀರಿ. ಯಾರು ನಡೆಸ್ತಿದ್ದಿದ್ದು ಯಜಮಾನ್ರೇ, ನೀವಾ?"

"ನಂದೇ ತಪ್ಪು," ಎಂದ ನೆವಿಲ್. "ಅಲ್ಲಿ ಕಲ್ಲಿದೆ ಅಂತ ಇವಳಿಗೆ ಸರಿಯಾಗಿ ಹೇಳಿರಲಿಲ್ಲ."

"ಓಹೋ, ಅಕ್ಕಾವ್ರಾ." ಕಾಲ್ವಿನ್ ನಕ್ಕ. "ಬೇಕಂತ ಮಾಡಿದ್ರೂ ಇಷ್ಟು ಚೆನ್ನಾಗಿ ಆಗಲ್ಲ ಬಿಡಿ. ಮೂರೂ ರೆಕ್ಕೆ ಒಂದೇ ಸಮ ಮಡಚಿದೆ."

ಲಿನೆಟ್ ಕೂಡ ನಕ್ಕಳು. ನಗು ಸರಿಯಾದ ಹೊತ್ತಿಗೆ ಬಂತೋ ಒಂದು ಚೂರು ತಡವಾಯಿತೋ ಎಂಬುದೇ ಆಮೇಲೆ ಕೊರೆಯತೊಡಗಿತು. ನೆವಿಲ್ ಹೇಳಿರಲಿಲ್ಲವೇ? ಹೇಳಿದ್ದ. ಏಟು ಬೀಳುವ ಹಿಂದಿನ ದಿನ ಚಹಾ ಕುಡಿಯುತ್ತ, ಬೆರಳಲ್ಲಿ ಮೇಜಿನ ಮೇಲೆ ನೀರಿನ ಗೆರೆ ಎಳೆದು ತೋರಿಸಿದ್ದ. ಕಾಲುವೆ ಅಲ್ಲಿ ಹೊಟ್ಟೆ ಬಿಟ್ಟಂತೆ ಅಗಲವಾಗುತ್ತದೆ, ಉದ್ದನೆಯ ದೋಣಿಗಳು ತಿರುಗಲೆಂದೇ ಮಾಡಿದ ಜಾಗ; ಮುಳ್ಳುಪೊದೆಯ ಕೆಳಗೆ ಹಳೇ ಕಟ್ಟೆಯ ಕಲ್ಲುಗಳು ಕುಸಿದು ನೀರೊಳಗಿವೆ. ಮೂತಿ ಮಣ್ಣಿಗೆ, ಬಾಲ ನೀರಿಗೆ. ಕಾಲುವೆಯ ಮೇಲೆ ಬದುಕುವವರು ಮಕ್ಕಳಿಗೆ ನಡೆಯುವುದಕ್ಕೆ ಮೊದಲೇ ಕಲಿಸುವ ಮಾತು ಇದು: ತಿರುಗಿಸುವಾಗ ದೋಣಿಯ ಮೂತಿಯನ್ನು ದಂಡೆಗೆ ಒರಗಿಸು, ಪ್ರೊಪೆಲ್ಲರ್ ಇರುವ ಬಾಲವನ್ನು ನಡುನೀರಲ್ಲೇ ಇಟ್ಟುಕೋ. ಅವಳು ತಲೆಯಾಡಿಸಿದ್ದಳು. ನೀರಿನ ಗೆರೆ ಒಣಗುವ ತನಕ ಅದನ್ನೇ ನೋಡುತ್ತ ಕೂತಿದ್ದಳು ಕೂಡ.

ಮಾರನೆಯ ಬೆಳಿಗ್ಗೆ ನೆವಿಲ್ ಮುಂದಿನ ಹಗ್ಗ ಹಿಡಿದು ದಂಡೆಗೆ ಹಾರಿದ್ದ. ಚುಕ್ಕಾಣಿ ಅವಳ ಕೈಯಲ್ಲಿತ್ತು. ಮೂತಿ ತಿರುಗುತ್ತಿತ್ತು, ಎಲ್ಲ ಸರಿಯಾಗೇ ಇತ್ತು. ಅಷ್ಟರಲ್ಲಿ ದಂಡೆಯ ದಾರಿಯಲ್ಲಿ ನಾಯಿ ಹಿಡಿದುಕೊಂಡು ಬಂದ ಹೆಂಗಸೊಬ್ಬಳು ಕೈಯೆತ್ತಿ, "ಏನ್ ವಿನಿ, ಚಳಿ ಹಿಡಿದಿಲ್ವಾ ಇನ್ನೂ," ಅಂದಳು. ಕಾಲುವೆಯಲ್ಲಿ ಹೀಗೇ. ಜನಕ್ಕೆ ಮನೆತನದ ಹೆಸರಿಲ್ಲ, ಊರಿಲ್ಲ, ದೋಣಿಯ ಹೆಸರೇ ಹೆಸರು. ಮಗ್ಗುಲಲ್ಲಿ ಬರೆದದ್ದನ್ನು ಓದಿ ಕೂಗುತ್ತಾರೆ. ಮೊದಲ ಸಲ ಯಾರೋ ವಿನಿ ಎಂದಾಗ ಲಿನೆಟ್ ತನ್ನ ಬೆನ್ನ ಹಿಂದೆ ತಿರುಗಿ ನೋಡಿದ್ದಳು, ಅಲ್ಲಿ ಯಾರಾದರೂ ನಿಂತಿರಬಹುದೇನೋ ಎಂದು. ಎರಡನೆಯ ಸಲ, ಅಲ್ಲ ನನ್ನ ಹೆಸರು ಲಿನೆಟ್ ಎಂದಿದ್ದಳು. ಅಷ್ಟರಲ್ಲಿ ಕೂಗಿದವನು ಸೇತುವೆಯಾಚೆ ಹೋಗಿ ಆಗಿತ್ತು. ಆಮೇಲಾಮೇಲೆ ಬರೀ ಕೈಯೆತ್ತುವುದು ರೂಢಿಯಾಯಿತು. ನೆವಿಲ್ ಕೇಳಿಸಿಕೊಂಡರೂ ಸರಿಪಡಿಸುವುದಿಲ್ಲ. ನಗುತ್ತಾನೆ, ಹವಾಮಾನದ ಬಗ್ಗೆ ಒಂದು ಮಾತಾಡುತ್ತಾನೆ. ಆ ಬೆಳಿಗ್ಗೆಯೂ ದಂಡೆಯ ಮೇಲಿಂದ ನಕ್ಕ. "ಇವಳಿಗೆಲ್ಲಿ ಚಳಿ," ಎಂದ. ಲಿನೆಟ್‌ಳ ಕೈ ಇಂಜಿನ್ನಿನ ಹಿಡಿಕೆಯನ್ನು ಹಿಂದಕ್ಕೆ ಎಳೆಯಿತು. ಎಳೆದದ್ದು ಕೈಯೋ ತಾನೋ ಎಂದು ಅವಳು ಈ ದಿನಗಳಲ್ಲಿ ಬಹಳ ಯೋಚಿಸಿದ್ದಾಳೆ. ದೋಣಿಯ ಬಾಲ ಮುಳ್ಳುಪೊದೆಯ ಕಡೆ ಹೊರಟಿತು, ನೆವಿಲ್ ಕೂಗಿದ್ದು ಕೇಳಿಸಿತು, ಕೇಳಿಸಿದ ಮೇಲೂ ಕೈ ಅಲ್ಲೇ ಇತ್ತು. ಆಮೇಲೆ ಕಾಲಡಿಯಲ್ಲಿ ದಡದಡ, ಪಾತ್ರೆಯ ಕಪಾಟಿನಿಂದ ಒಂದು ತಟ್ಟೆ ಬಿದ್ದ ಸದ್ದು.

"ಹಳೇ ತಿರುವೇ ಕೊಡ್ಲಾ?" ಕಾಲ್ವಿನ್ ಕೇಳುತ್ತಿದ್ದ. ರೆಕ್ಕೆಯನ್ನು ಮತ್ತೆ ಉರಿಗೆ ಹಿಡಿದಿದ್ದ. "ಹೆಂಗೂ ಕೈ ಹಾಕಿದೀನಿ, ತಿರುವು ಸ್ವಲ್ಪ ಇಳಿಸಿ ಕೊಟ್ರೆ ಒಳ್ಳೇದು. ಕರಿ ಹೊಗೆ ಬರ್ತಿತ್ತಲ್ವಾ ನಿಮ್ ದೋಣೀಲಿ?"

"ಮೊದಲಿಂದ್ಲೂ ಬರುತ್ತೆ," ಎಂದ ನೆವಿಲ್.

"ಬರದೆ ಏನ್ಮಾಡುತ್ತೆ. ಸ್ಕ್ರೂ ಥರ ಅಂದ್ಕೊಳ್ಳಿ ಅಕ್ಕಾವ್ರೇ. ಒಂದು ಸುತ್ತು ಸುತ್ತಿದ್ರೆ ನೀರಲ್ಲಿ ಇಷ್ಟು ಮುಂದೆ ಹೋಗ್ಬೇಕು ಅಂತ ರೆಕ್ಕೇನ ತಿರುಚಿರ್ತಾರೆ. ಈ ರೆಕ್ಕೆಗಳಿಗೆ ಆಸೆ ಜಾಸ್ತಿ. ಆ ಬಡಪಾಯಿ ಇಂಜಿನ್‌ಗೆ ಅಷ್ಟು ಎಳೆಯೋ ತಾಕತ್ತಿಲ್ಲ. ಏದುಸಿರು ಬಿಡ್ತಾನೇ ಇಷ್ಟು ವರ್ಷ ಕಳೆದಿದೆ."

"ವಿನಿ ಇದ್ದಾಗಿಂದ್ಲೂ ಹಾಗೇ ಇದೆ," ಎಂದ ನೆವಿಲ್. "ಹಾಗೇ ಇರ್ಲಿ ಬಿಡು."

"ಇಳಿಸಿ," ಎಂದಳು ಲಿನೆಟ್.

ಕಾಲ್ವಿನ್ ಇಬ್ಬರನ್ನೂ ನೋಡಿದ. ನೆವಿಲ್ ನೆಲ ನೋಡಿದ, ಆಮೇಲೆ ತಲೆಯಾಡಿಸಿದ. ಅಷ್ಟು ಸುಲಭಕ್ಕೆ. ದೋಣಿಯ ವಿಷಯದಲ್ಲಿ ಅವಳು ಹೇಳಿದ ಮಾತು ನಡೆದದ್ದು ಅದೇ ಮೊದಲು. ಆದರೆ ಖುಷಿಯಾಗುವ ಬದಲು ಅವಳಿಗೆ ಹೆದರಿಕೆಯಾಯಿತು. ಕಂಚಿಗೂ ಹೀಗೇ ಆಗುತ್ತಿರಬಹುದು, ಬಾಗುವುದಿಲ್ಲ ಅಂದುಕೊಂಡದ್ದು ಬಾಗಿದಾಗ. ಸುತ್ತಿಗೆ ಮತ್ತೆ ಬೀಳತೊಡಗಿತು. ಕೊನೆಯಲ್ಲಿ ಕಾಲ್ವಿನ್ ಅಂಚುಗಳನ್ನು ಉಜ್ಜಿ, ಪ್ರೊಪೆಲ್ಲರನ್ನು ಒಂದು ಸರಳಿಗೆ ಸಿಕ್ಕಿಸಿ ಎರಡು ಚೂಪು ಕಂಬಿಗಳ ಮೇಲೆ ಇಟ್ಟು ತಿರುಗಿಸಿದ. ಅದು ಸುತ್ತಿ ಸುತ್ತಿ ನಿಧಾನವಾಗಿ ನಿಂತಿತು. ಭಾರವಾದ ರೆಕ್ಕೆ ಯಾವುದೋ ಅದು ಕೆಳಗೆ ಬಂದು ನಿಲ್ಲುತ್ತದೆ, ಅಲ್ಲಿ ಒಂದಿಷ್ಟು ಸವೆಸಬೇಕು. ಸವೆಸಿದ. ಮತ್ತೆ ತಿರುಗಿಸಿದ. ಕೊನೆಗೆ ಅದು ಎಲ್ಲೆಂದರಲ್ಲಿ ನಿಲ್ಲತೊಡಗಿತು. "ಈಗ ಯಾರ ಕಡೇಗೂ ಇಲ್ಲ ಇದು," ಎಂದ ಕಾಲ್ವಿನ್, ಸಮಾಧಾನದಿಂದ.

ವ್ಯಾನಿನಲ್ಲಿ ಅದನ್ನು ಹಳೇ ಟವೆಲಿನಲ್ಲಿ ಸುತ್ತಿ ಅವಳ ತೊಡೆಯ ಮೇಲಿಟ್ಟರು. ಹಿಂದೆ ಇಟ್ಟರೆ ಉರುಳಾಡುತ್ತದೆ ಎಂದು. ಇನ್ನೂ ಬೆಚ್ಚಗಿತ್ತು. ಟಿಪ್ಟನ್ ಕಡೆಯ ರಸ್ತೆಯಲ್ಲಿ ನೆವಿಲ್ ಗಾಡಿ ನಿಲ್ಲಿಸಿ ಇಬ್ಬರಿಗೂ ಬೇಕನ್ ಹಾಕಿದ ಬನ್ನು ತಂದ, ಅವಳದರಲ್ಲಿ ಕಂದು ಸಾಸು ಹಾಕಿಸಿದ್ದ. ಅವಳು ಕಂದು ಸಾಸು ತಿನ್ನುವುದಿಲ್ಲ. ಯಾರು ತಿನ್ನುತ್ತಿದ್ದರು ಎಂದು ಕೇಳಬೇಕಾದ ಅಗತ್ಯ ಇರಲಿಲ್ಲ. ತಿಂದಳು. ತೊಡೆಯ ಮೇಲಿನ ಭಾರದಿಂದ ಕಾಲು ಜೋಮು ಹಿಡಿಯಿತು. ದೋಣಿಯ ಹೆಸರಿನ ಬಗ್ಗೆ ಅವಳು ಕೇಳಿರಲಿಲ್ಲವೆಂದೇನೂ ಅಲ್ಲ. ಪ್ರತಿ ವಸಂತದಲ್ಲೂ, ದಂಡೆಯ ಹುಲ್ಲು ಚಿಗುರುವಾಗ, ಬೇರೆ ದೋಣಿಯವರು ಬಣ್ಣದ ಡಬ್ಬ ಹೊರತೆಗೆಯುವಾಗ, ಸುಮ್ಮನೆ ಏನೋ ನೆನಪಾದವಳ ಹಾಗೆ ಕೇಳುತ್ತಿದ್ದಳು: ಆ ಹೆಸರು, ನೆವ್. ಅವನ ಉತ್ತರವೂ ಪ್ರತಿ ಸಲ ಅದೇ. ನೀರಿನ ಮೇಲಿರುವಾಗ ದೋಣಿಯ ಹೆಸರು ಬದಲಾಯಿಸಬಾರದು ಕಣೇ, ಕೇಡು. ನೀರಿನಿಂದ ಹೊರಗೆ ತೆಗೆದಾಗ ನೋಡೋಣ. ಅದು ನೆಪವಲ್ಲ, ಕಾಲುವೆಯಲ್ಲಿ ಎಲ್ಲರೂ ನಂಬುವ ಮಾತು. ಅದಕ್ಕೇ ಅದರ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಆಗುತ್ತಿರಲಿಲ್ಲ. ಆಮೇಲೆ ಅವಳ ಅಕ್ಕನ ಸೊಂಟದ ಆಪರೇಷನ್ ಆಯಿತು. ಒಂದಷ್ಟು ದಿನ ಅಕ್ಕನ ಮನೆಯಲ್ಲಿ ಸೂಪು ಕಾಯಿಸಿ, ಬೆಡ್‌ಪ್ಯಾನು ತೊಳೆದು ವಾಪಸು ಬಂದರೆ ದೋಣಿಯ ತಳ ಹೊಸದಾಗಿ ಕರಿ ಬಳಿದುಕೊಂಡು ಮಿರಿಮಿರಿ ಅನ್ನುತ್ತಿತ್ತು. ಅವಳಿಲ್ಲದ ದಿನಗಳಲ್ಲೇ ಡಾಕಿಗೆ, ನೀರು ಬಸಿದ ರಿಪೇರಿ ಗುಂಡಿಗೆ, ಹಾಕಿಸಿ, ಬಳಿಸಿ, ನೀರಿಗಿಳಿಸಿದ್ದ. ಕರಿಯ ಮೇಲೆ ಹಸಿರು, ಹಸಿರಿನ ಮೇಲೆ ಕೆಂಪು ವಿನಿಫ್ರೆಡ್, ಒಗೆದು ಒಣಗಿಸಿದ ಹಾಗೆ. "ಅಯ್ಯೋ, ಅದು ಮರ್ತೇ ಹೋಯ್ತು," ಎಂದಿದ್ದ ನೆವಿಲ್. ಅವನ ಮುಖದಲ್ಲಿ ನಿಜವಾಗಿಯೂ ಮರೆತವನ ಪೆಚ್ಚುತನವಿತ್ತು. ಅವನು ಸುಳ್ಳು ಹೇಳಿದ್ದರೆ ಜಗಳವಾಡಬಹುದಿತ್ತು.

ಡಾಕಿನ ಒಡತಿ ಬ್ರೈಡಿ ಗೇಟಿನಲ್ಲೇ ನಿಂತಿದ್ದಳು, ಗಂಬೂಟು, ಕೈಯಲ್ಲಿ ಚಹಾದ ಮಗ್ಗು. ಅವರ ದೋಣಿ ಕೆಳಗೆ, ಕಲ್ಲಿನ ಗುಂಡಿಯಲ್ಲಿ, ತೊಲೆಗಳ ಮೇಲೆ ಕೂತಿತ್ತು. ನೀರಿಲ್ಲದ ದೋಣಿ ಎಷ್ಟು ದೊಡ್ಡದಾಗಿ, ಎಷ್ಟು ಪೆದ್ದುಪೆದ್ದಾಗಿ ಕಾಣುತ್ತದೆ ಎಂದು ಲಿನೆಟ್‌ಗೆ ಈ ದಿನಗಳಲ್ಲಿ ನೋಡಿದಾಗಲೆಲ್ಲ ಅನ್ನಿಸಿತ್ತು. ಗುಂಡಿಯ ಬಾಯಿಗೆ ಅಡ್ಡ ಹಲಗೆಗಳು, ಹಲಗೆಗಳಾಚೆ ಕಾಲುವೆ ಒತ್ತಿಕೊಂಡು ನಿಂತಿದೆ, ಸಂದುಗಳಲ್ಲಿ ಸಣ್ಣಗೆ ಜಿನುಗುತ್ತ.

"ಬೇಗ ಬೇಗ ಹಾಕ್ಕೊಳ್ಳಪ್ಪ," ಎಂದಳು ಬ್ರೈಡಿ. "ಮುಂದಿನವರು ಆಗ್ಲೇ ಬಂದು ಕಾಯ್ತಿದಾರೆ. ಮಧ್ಯಾಹ್ನದ ಚಹಾ ಕುಡಿದವಳೇ ಹಲಗೆ ಎತ್ತೋದು. ಮತ್ತೆ, ಏನೋ ಹೆಸರು ಬದ್ಲಾಯಿಸ್ಬೇಕು ಅಂತಿದ್ರಲ್ಲ?"

ಅದನ್ನು ಅವಳಿಗೆ ಹೇಳಿದ್ದು ಯಾರು? ಲಿನೆಟ್ ಅಲ್ಲ.

"ನೋಡೋಣ," ಎಂದ ನೆವಿಲ್.

"ನೋಡೋದೇನು. ನೀರು ಬಂದ್ಮೇಲೆ ನನ್ನ ಡಾಕಲ್ಲಿ ಯಾರೂ ಬ್ರಷ್ ಮುಟ್ಟೋ ಹಾಗಿಲ್ಲ. ಹಿಂದೆ ಒಬ್ಬ ಮಹಾಶಯ ಮುಟ್ಟಿದ. ನಗ್ತಾ ನಗ್ತಾ ಬರೆದ, ನಾನು ಬೈದ್ರೂ ಕೇಳ್ಲಿಲ್ಲ. ಅದೇ ವಾರ ನೀರು ಏರಿಸಿ ಇಳಿಸೋ ಲಾಕ್ ಗೇಟಲ್ಲಿ ಬಾಲ ಸಿಕ್ಕಾಕ್ಕೊಂಡು ಮುಳುಗ್ದ. ಬೆಕ್ಕು ಮಾತ್ರ ಈಜಿ ಬಂತು."

ನೆವಿಲ್ ಏಣಿ ಇಳಿದ. ಲಿನೆಟ್ ಟವೆಲಿನ ಗಂಟನ್ನು ಹಗ್ಗದಲ್ಲಿ ಇಳಿಸಿ, ತಾನೂ ಇಳಿದಳು. ಅವನು ದೋಣಿಯ ಬಾಲದ ಕೆಳಗೆ ಮಂಡಿಯೂರಿ ಪ್ರೊಪೆಲ್ಲರನ್ನು ಇಂಜಿನ್ನಿನ ಕಂಬಿಗೆ ಏರಿಸಿದ, ಅದನ್ನು ಹಿಡಿದಿಡುವ ಲೋಹದ ಚಾವಿ ಕೂಡಿಸಿದ, ದೊಡ್ಡ ನಟ್ಟನ್ನು ತಿರುಗಿಸತೊಡಗಿದ. ಅವಳು ಕೆಸರಿನಲ್ಲಿ ನಿಂತು ಕಾದಳು. ಅವನು ಬೇಕೆಂದೇ ತಡಮಾಡುತ್ತಿದ್ದಾನೆ ಅನ್ನಿಸಿತು. ಪಿನ್ನು ಹಾಕಿದ, ತೆಗೆದ, ಒರೆಸಿ ಮತ್ತೆ ಹಾಕಿದ. ಅವನ ಕತ್ತಿನ ಹಿಂಭಾಗದ ಬಿಳಿ ಕೂದಲು, ಅಲ್ಲಿ ಕಂಚಿನ ಪುಡಿ. ಈಗ ಮಾತಾಡಿದರೆ ಕೊನೆಯ ಸಲ. ಈಗಲೂ ಅವನು ಮರೆತರೆ, ಹಲಗೆ ಎತ್ತುವ ಮುಂಚೆ ತನ್ನ ಬ್ಯಾಗು ತೆಗೆದುಕೊಂಡು ಅಕ್ಕನ ಮನೆಯ ಬಸ್ಸು ಹತ್ತುವುದೆಂದು ಅವಳು ನಿರ್ಧರಿಸಿದ್ದಳು. ಬ್ಯಾಗು ಕಟ್ಟಿಯೂ ಆಗಿತ್ತು, ಹಾಸಿಗೆಯ ಕೆಳಗಿತ್ತು. ಅವನು ಮರೆಯಲಿ ಎಂದೇ ಒಂದು ಮನಸ್ಸು ಆಸೆಪಡುತ್ತಿರುವುದನ್ನು ಅವಳು ಗಮನಿಸಿದಳು. ಹೋಗುವುದು ಸುಲಭವಿತ್ತು.

ನೆವಿಲ್ ಎದ್ದ. ಮಂಡಿ ಹಿಡಿದುಕೊಂಡು ಒಂದು ಕ್ಷಣ ನಿಂತ. ಏಣಿ ಹತ್ತಿ ವ್ಯಾನಿನ ಕಡೆ ಹೋದ. ವಾಪಸು ಬಂದಾಗ ಕೈಯಲ್ಲಿ ಉಜ್ಜುವ ಯಂತ್ರ, ಅದರ ಉದ್ದನೆ ವೈರು, ಹಸಿರು ಬಣ್ಣದ ಡಬ್ಬ. ಡಬ್ಬ ಹೊಸದು. ಯಾವಾಗ ತಂದನೋ ಅವಳಿಗೆ ಗೊತ್ತಿಲ್ಲ. ಅವಳ ಕಡೆ ನೋಡದೆ, ನಿಲ್ಲಲು ಹಲಗೆ ಹಾಕಿಕೊಂಡು, ಮೊದಲ ಅಕ್ಷರಕ್ಕೆ ಯಂತ್ರ ಒತ್ತಿದ.

ಅವಳು ಇದನ್ನು ಎಷ್ಟೋ ಸಲ ಕಲ್ಪಿಸಿಕೊಂಡಿದ್ದಳು. ಕಲ್ಪನೆಯಲ್ಲಿ ಅವನು ಅಳುತ್ತಿದ್ದ, ಅಥವಾ ಕೂಗಾಡುತ್ತಿದ್ದ, ಅಥವಾ ಅಂಗೈಯಿಂದ ಅಕ್ಷರ ಸವರಿ ಮೆಲ್ಲಗೆ ಏನೋ ಹೇಳುತ್ತಿದ್ದ, ಅವಳು ಹೋಗಿ ಬೆನ್ನು ಸವರುತ್ತಿದ್ದಳು. ಅವನು ಅದ್ಯಾವುದನ್ನೂ ಮಾಡಲಿಲ್ಲ. ತಳ ಹಿಡಿದ ಹಾಲಿನ ಪಾತ್ರೆ ಉಜ್ಜುವವರ ಹಾಗೆ ಉಜ್ಜಿದ. ಕೆಂಪು ಪುಡಿ, ಕೆನೆ ಪುಡಿ ಅವನ ಹುಬ್ಬಿನ ಮೇಲೆ ಕೂತಿತು. ಒಂದು ಹೊತ್ತಿನಲ್ಲಿ ಅವನು ಶಿಳ್ಳೆ ಹಾಕುತ್ತಿದ್ದಾನೆ ಎಂದು ಅವಳಿಗೆ ಅನುಮಾನ ಬಂತು. ಯಂತ್ರದ ಸದ್ದಿನಲ್ಲಿ ಗೊತ್ತಾಗಲಿಲ್ಲ, ತುಟಿ ಮಾತ್ರ ಹಾಗೆ ಮಡಚಿತ್ತು. ಒಂದು ಮಗ್ಗುಲು ಮುಗಿಯಿತು. ಇನ್ನೊಂದು ಮಗ್ಗುಲು ಮುಗಿಯಿತು. ಹೆಂಗಸೊಬ್ಬಳ ಹೆಸರು ಇಷ್ಟು ಬೇಗ ಹೋಗುತ್ತದೆಯೇ? ಅವಳ ಮೂಗಿನೊಳಗೂ ಪುಡಿ ಸೇರಿ ಸೀನು ಬಂತು. ಸೀನಿದಳು. ಕರವಸ್ತ್ರದಲ್ಲಿ ಕೆಂಪು ಬಂದಿತ್ತು.

ಅವನು ಹಸಿರು ಬಳಿದು, ಬ್ರಷ್ಷನ್ನು ಡಬ್ಬದ ಅಂಚಿಗೆ ಒರೆಸಿ, ಮೊದಲ ಬಾರಿಗೆ ಅವಳ ಕಡೆ ತಿರುಗಿದ.

"ಈಗ ಹೇಳು. ಏನಂತ ಬರೆಯೋಣ?"

ಇಷ್ಟು ವಸಂತಗಳಲ್ಲಿ ಅವಳು ಆ ಹೆಸರು ಹೋಗಬೇಕು ಎಂದು ಕಾದಿದ್ದಳೇ ಹೊರತು, ಅಲ್ಲಿ ಬೇರೊಂದು ಬರಬೇಕೆಂಬುದು ಹೊಳೆದಿರಲೇ ಇಲ್ಲ.

"ಲಿನೆಟ್ ಅಂತ್ಲೇ ಬರೆಯೋಣ್ವಾ? ಕೆಂಪು ಬಣ್ಣ ಒಂದಿಷ್ಟು ಇದೆ. ಸದ್ಯಕ್ಕೆ ನಾನೇ ಬರೀತೀನಿ, ಆಮೇಲೆ ಬರೆಯೋರ ಹತ್ರ ಚೆನ್ನಾಗಿ ತಿದ್ದಿಸಿದ್ರಾಯ್ತು."

"ಬೇಡ," ಎಂದಳು. ಎಷ್ಟು ಬೇಗ ಎಂದಳೆಂದರೆ ಅವನ ಕೈಯ ಬ್ರಷ್ಷು ಅಲ್ಲಾಡಿ ಹಸಿರು ತೊಟ್ಟಿಕ್ಕಿತು. ಹಸಿ ಬಣ್ಣದ ಆ ಚೌಕದಲ್ಲಿ ಅವಳಿಗೆ ತನ್ನ ಹೆಸರು ಕಂಡಿತ್ತು. ಅದರ ಮುಂದೆ ಕೆಸರಿನಲ್ಲಿ, ಎಂದೋ ತನ್ನ ಜಾಗಕ್ಕೆ ಬರುವ ಇನ್ನೊಬ್ಬ ಹೆಂಗಸು ನಿಂತಿದ್ದಳು, ಗಂಬೂಟು ಹಾಕಿಕೊಂಡು, ಕಂದು ಸಾಸು ತಿನ್ನದವಳು, ಅಥವಾ ತಿನ್ನುವವಳು. ನೆವಿಲ್ ಹಲಗೆ ಹಾಕಿಕೊಂಡು ಆ ಹೆಸರನ್ನೂ ಉಜ್ಜುತ್ತಿದ್ದ.

"ಮತ್ತೆ ಏನು? ಯಾವ್ದಾದ್ರೂ ಹೂವಿನ ಹೆಸ್ರು? ಹಕ್ಕಿ?"

"ಗೊತ್ತಿಲ್ಲ."

"ಹೆಸ್ರಿಲ್ದೆ ಬಿಡಬಾರ್ದು ಕಣೇ," ಎಂದಳು ಬ್ರೈಡಿ ಮೇಲಿನಿಂದ. ಚಹಾ ಮುಗಿದಿತ್ತು, ಖಾಲಿ ಮಗ್ಗನ್ನು ಬೆರಳಿಗೆ ಸಿಕ್ಕಿಸಿಕೊಂಡಿದ್ದಳು. "ಹೋಗ್ಲಿ, ಏನೋ ಒಂದು ಗೀಚಿ. ನಿಮ್ಮಜ್ಜಿ ಹೆಸ್ರು ಇಡ್ರಿ. ನನ್ ಹೆಸ್ರೇ ಇಡ್ರಿ ಬೇಕಾದ್ರೆ, ನಂಗೇನು ಬೇಜಾರಿಲ್ಲ. ಆಮೇಲೆ ಇನ್ಯಾವತ್ತು ಮೇಲೆ ಬರ್ತೀರೋ."

ನೆವಿಲ್ ಡಬ್ಬದ ಮುಚ್ಚಳವನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿ ತಟ್ಟಿ ಮುಚ್ಚಿದ. ಮುಚ್ಚಿದ ಮೇಲೂ ತಟ್ಟುತ್ತಲೇ ಇದ್ದ. ಆಮೇಲೆ ತಲೆ ಎತ್ತದೆ, ಮುಚ್ಚಳಕ್ಕೆ ಹೇಳುವ ಹಾಗೆ ಹೇಳಿದ:

"ಕಲ್ಲಿಗೆ ಗುದ್ದೋ ಬದ್ಲು ಕೇಳ್ಬಹುದಿತ್ತು, ಲಿನ್."

ಹಲಗೆಗಳ ಸಂದಿನಲ್ಲಿ ನೀರು ಜಿನುಗುವ ಸದ್ದು. ಅವನಿಗೆ ಯಾವಾಗಿನಿಂದ ಗೊತ್ತು? ಕಾಲ್ವಿನ್‌ನ ಶೆಡ್ಡಿನಿಂದಲೇ? ದಂಡೆಯ ಮೇಲೆ ಹಗ್ಗ ಹಿಡಿದು ನಿಂತು ಅವಳ ಕೈಯನ್ನು ನೋಡಿದಾಗಿನಿಂದಲೇ? ಹಾಗಾದರೆ ನಂದೇ ತಪ್ಪು, ನಂದೇ ತಪ್ಪು ಎಂದು ಕಂಡಕಂಡವರಿಗೆಲ್ಲ ಹೇಳಿದ್ದು ಯಾವ ಲೆಕ್ಕದ ಕರುಣೆ? ಅವಳಿಗೆ ನಾಚಿಕೆಯಾಯಿತು. ಆದರೂ ನಾಲಗೆಗೆ ಬಂದದ್ದು ಕ್ಷಮೆಯಲ್ಲ.

"ಕೇಳಿದ್ದೆ, ನೆವ್."

ಅವನು ತಟ್ಟುವುದನ್ನು ನಿಲ್ಲಿಸಿ ಸುತ್ತಿಗೆ ಕೆಳಗಿಟ್ಟ.

"ಹೌದು," ಎಂದ. "ಕೇಳಿದ್ದೆ."

ಬ್ರೈಡಿ ಮೊದಲ ಹಲಗೆ ಎತ್ತಿದಳು. ಅವರಿಬ್ಬರೂ ಏಣಿ ಹತ್ತಿ ದೋಣಿಗೆ ಬರುವಷ್ಟರಲ್ಲಿ ಕಂದು ನೀರು ಗುಂಡಿಯ ನೆಲವನ್ನೆಲ್ಲ ಮುಚ್ಚಿತ್ತು. ಕೆಂಪು ಪುಡಿ ಅದರ ಮೇಲೆ ತೇಲಿ, ತೆಳ್ಳಗೆ ಹರಡಿ, ಗೋಡೆಯ ಪಾಚಿಗೆ ಹೋಗಿ ಅಂಟಿಕೊಂಡಿತು. ನೀರು ಏರಿತು. ದೋಣಿ ಮೊದಲು ನರಳಿತು, ಆಮೇಲೆ ಒಂದು ಕಡೆಯಿಂದ ತೊಲೆ ಬಿಟ್ಟಿತು, ಆಮೇಲೆ ಪೂರಾ ಎದ್ದಿತು. ಕಾಲಡಿಯ ಆ ಸಡಿಲ ಲಿನೆಟ್‌ಗೆ ಚೆನ್ನಾಗಿ ಗೊತ್ತು. ಅದು ಬಂದ ಗಳಿಗೆಯಿಂದ ಕಾಲುವೆಯ ಮಾತು ಮತ್ತೆ ಜಾರಿಗೆ ಬಂತು. ಇನ್ನು ಏನೂ ಬರೆಯುವ ಹಾಗಿಲ್ಲ. ಹಾಸಿಗೆಯ ಕೆಳಗಿನ ಬ್ಯಾಗು ಅವಳಿಗೆ ನೆನಪಾಯಿತು, ಹಳೆಯ ಯಾವುದೋ ಪ್ರವಾಸಕ್ಕೆ ಕಟ್ಟಿದ್ದು ಎಂಬ ಹಾಗೆ.

ಚುಕ್ಕಾಣಿ ನೀನೇ ಹಿಡಿ ಎಂದು ನೆವಿಲ್ ಹೇಳಿದ. ಬೇಡವೆನ್ನಲು ಕಾರಣ ಸಿಗಲಿಲ್ಲ. ದೋಣಿ ಡಾಕಿನಿಂದ ಹಿಂದಕ್ಕೆ ಜಾರಿ, ಕಾಲುವೆಗೆ ಬಂದು, ಮುಂದಕ್ಕೆ ಹೊರಟಿತು. ಕರಿ ಹೊಗೆ ಇಲ್ಲ. ಕಪಾಟಿನ ತಟ್ಟೆಗಳ ಗಡಗಡ ಇಲ್ಲ; ಅದು ದೋಣಿಯ ಮೇಲೆ ಬದುಕುವುದರ ಸದ್ದೇ ಎಂದು ಅವಳು ಇಷ್ಟು ದಿನ ತಿಳಿದಿದ್ದಳು. ಕಾಲ್ವಿನ್ ಹೇಳಿದ ಹಾಗೇ ಆಗಿತ್ತು. ಇಂಜಿನ್ನು ಸಲೀಸಾಗಿ, ಯಾವ ಆಸೆಯೂ ಇಲ್ಲದೆ ತಿರುಗುತ್ತಿತ್ತು. ಎಷ್ಟು ಮೆತ್ತಗೆ ಎಂದರೆ ಇಬ್ಬರಲ್ಲಿ ಯಾರು ಮಾತಾಡಿದರೂ ಇನ್ನೊಬ್ಬರಿಗೆ ಕೇಳಿಸುತ್ತಿತ್ತು. ನೆವಿಲ್ ಒಳಗಿನ ಮೆಟ್ಟಿಲ ಮೇಲೆ ಕೂತು ಇಂಜಿನ್ನಿನ ಸದ್ದು ಕೇಳುವವನ ಹಾಗೆ ತಲೆ ವಾಲಿಸಿದ್ದ.

ಕಾರ್ಖಾನೆಯ ಗೋಡೆ ಮುಗಿದಲ್ಲಿ ಬಿಸಿಲು ಓರೆಯಾಗಿ ಬಿತ್ತು. ಲಿನೆಟ್ ಬಾಗಿ ದೋಣಿಯ ಮಗ್ಗುಲು ನೋಡಿದಳು. ಹಸಿ ಹಸಿರಿನ ಚೌಕ ಉಳಿದ ಹಸಿರಿಗಿಂತ ಎಳೆಯದಾಗಿತ್ತು, ಬಟ್ಟೆಗೆ ತೇಪೆ ಹಾಕಿದ ಹಾಗೆ. ಆ ಓರೆ ಬಿಸಿಲಲ್ಲಿ ಅದರೊಳಗಿಂದ ಒಂದೊಂದೇ ಗೆರೆ ಎದ್ದಿತು. ಯಂತ್ರ ಬಣ್ಣವನ್ನು ತೆಗೆದಿತ್ತು, ಎಷ್ಟೋ ವರ್ಷ ಮೇಲೆ ಮೇಲೆ ಬಳಿದ ಅಕ್ಷರಗಳ ಉಬ್ಬನ್ನು ಪೂರ್ತಿ ತೆಗೆದಿರಲಿಲ್ಲ. ಗೊತ್ತಿದ್ದವರು ಓದಬಹುದಿತ್ತು. ಬೆರಳಿಟ್ಟರೆ ಕತ್ತಲಲ್ಲೂ ಓದಬಹುದು.

ಮುಂದಿನ ತಿರುವಿನಲ್ಲಿ ದಂಡೆಯ ಮೇಲೆ ಮೀನಿನ ಗಾಳ ಹಾಕಿಕೊಂಡು ಒಬ್ಬ ಮುದುಕ ಕೂತಿದ್ದ, ಮಡಚುವ ಕುರ್ಚಿ, ಪಕ್ಕದಲ್ಲಿ ಫ್ಲಾಸ್ಕು. ದೋಣಿ ಹತ್ತಿರ ಬಂದ ಹಾಗೆ ಗಾಳ ಎತ್ತಿ ದಾರಿ ಬಿಟ್ಟ. ಅವನ ಕಣ್ಣು ರೂಢಿಯಂತೆ ಕಿಟಕಿಗಳ ನಡುವೆ ಹೋಯಿತು, ಅಲ್ಲಿ ಏನೂ ಸಿಗದೆ ಒಂದು ಸಲ ಹಿಂದೆ ಮುಂದೆ ಹುಡುಕಿತು.

"ಏನಮ್ಮ, ಹೆಸ್ರೇ ಇಲ್ವಲ್ಲ ಇದಕ್ಕೆ," ಎಂದ. "ಏನಂತ ಕರೀತೀರಿ?"

ಮೆಟ್ಟಿಲ ಮೇಲೆ ನೆವಿಲ್‌ನ ತಲೆ ಎದ್ದಿತು. ಅವನು ಅವಳ ಕಡೆ ನೋಡಲಿಲ್ಲ, ಮುದುಕನ ಕಡೆಯೂ ನೋಡಲಿಲ್ಲ. ಈ ಸಲ ನಗಲೂ ಇಲ್ಲ, ಹವಾಮಾನದ ಮಾತೂ ಆಡಲಿಲ್ಲ. ಉತ್ತರ ಅವಳಿಗೇ ಬಿಟ್ಟದ್ದಾಗಿತ್ತು.

"ವಿನಿಫ್ರೆಡ್," ಎಂದಳು.

"ಒಳ್ಳೇ ಹೆಸ್ರು. ಹಳೇ ಕಾಲದ್ದು. ನಿಮ್ದೇನಾ?"

ದೋಣಿ ಅವನನ್ನು ದಾಟುತ್ತಿತ್ತು. ಪ್ರೊಪೆಲ್ಲರ್ ಕೆಳಗೆ ಸದ್ದಿಲ್ಲದೆ ತಿರುಗುತ್ತಿತ್ತು. ಲಿನೆಟ್ ಚುಕ್ಕಾಣಿಯಿಂದ ಒಂದು ಕೈ ಬಿಡಿಸಿ, ಎಂದಿನ ಹಾಗೆ ಮೇಲೆತ್ತಿದಳು.

"ಹ್ಞೂ," ಎಂದಳು. "ನಂದೇ."